ಒಂದು ಎಳೆತ, ಆರು ಕೆಲಸ: ಪ್ರೋಗ್ರೆಸಿವ್ ಪ್ರೆಸ್ಸಿನ ಬಲ ಮತ್ತು ಬವಣೆ

ಉತ್ಪಾದನೆಯ ವೇಗವನ್ನು ಹೆಚ್ಚಿಸಬೇಕೆಂದು ಬಯಸುವ ಪ್ರತಿಯೊಬ್ಬ ಉದ್ಯಮಿಯ ಮುಂದೆಯೂ ಒಂದಲ್ಲ ಒಂದು ದಿನ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಒಂದು ಯಂತ್ರದಲ್ಲಿ ಒಂದು ಕಾಲಕ್ಕೆ ಒಂದೇ ಕೆಲಸವನ್ನು ಮಾಡಿ, ಇಡೀ ರಾಶಿಗೆ ಒಂದು ಹಂತ ಮುಗಿದ ಮೇಲೆ ಮುಂದಿನ ಹಂತಕ್ಕೆ ಹೋಗುವುದು ಮೊದಲನೆಯ ದಾರಿ. ಎಲ್ಲ ಹಂತಗಳನ್ನೂ ಒಂದೇ ಯಂತ್ರದಲ್ಲಿ ಕೂಡಿಸಿ, ಪ್ರತಿ ಎಳೆತಕ್ಕೂ ಒಂದು ಸಿದ್ಧವಸ್ತು ಹೊರಬೀಳುವಂತೆ ಮಾಡುವುದು ಎರಡನೆಯ ದಾರಿ. ಈ ಎರಡನೆಯ ದಾರಿಯಲ್ಲಿ ಸಿಗುವ ಲಾಭವೇನು, ತೆರಬೇಕಾದ ಬೆಲೆಯೇನು ಎಂಬುದನ್ನು ಒಂದು ಮೇಜಿನ ಅಂಚಿನಷ್ಟು ಜಾಗದಲ್ಲಿ ತೋರಿಸಿಕೊಡುವ ಯಂತ್ರವೊಂದು ಅಮೆರಿಕದಲ್ಲಿದೆ. ಅದೇ ಬಳಸಿದ ಕಾಡತೂಸುಗಳನ್ನು ಮತ್ತೆ ತುಂಬುವ ಪ್ರೋಗ್ರೆಸಿವ್ ಪ್ರೆಸ್.

ಅಮೆರಿಕದಲ್ಲಿ ಗುರಿಸ್ಪರ್ಧೆಗಳಲ್ಲಿ ಭಾಗವಹಿಸುವವರು ಮತ್ತು ಬೇಟೆಗಾರರು ತಮ್ಮ ಸ್ವಂತ ಬಳಕೆಯ ಕಾಡತೂಸುಗಳನ್ನು ಮನೆಯಲ್ಲಿಯೇ ತುಂಬಿಕೊಳ್ಳುವ ರೂಢಿ ಬಹುಕಾಲದಿಂದ ಬಂದಿದೆ. ಸ್ವಂತ ಬಳಕೆಗಾದರೆ ಅಲ್ಲಿನ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ಮಾರಾಟಕ್ಕಾಗಿ ತಯಾರಿಸುವವರು ಮಾತ್ರ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಅನ್ವಯ ತಯಾರಕರ ಪರವಾನಗಿ ಪಡೆಯಬೇಕು. ಈ ರೂಢಿಯನ್ನು ನಂಬಿ ಪ್ರೆಸ್, ಡೈ, ತಕ್ಕಡಿ, ಅಳತೆಯ ಉಪಕರಣಗಳನ್ನು ಮಾಡುವ ಒಂದು ಉದ್ದಿಮೆಯೇ ಬೆಳೆದು ನಿಂತಿದೆ. ಅದರಲ್ಲಿ ಹೆಸರಾದ ಸಂಸ್ಥೆಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿ ಹುಟ್ಟಿದವಲ್ಲ. ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನಲ್ಲಿ ಹಾರ್ನಡಿ, ವಿಸ್ಕಾನ್ಸಿನ್‌ನ ಹಾರ್ಟ್‌ಫರ್ಡ್‌ನಲ್ಲಿ ಲೀ, ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಆರ್‌ಸಿಬಿಎಸ್, ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಡಿಲನ್ ಬೆಳೆದವು. ಇವುಗಳಲ್ಲಿ ಹೆಚ್ಚಿನವು ಒಬ್ಬ ವ್ಯಕ್ತಿಯ ಕೈಕಸುಬಿನಿಂದ ಆರಂಭವಾದ ಸಣ್ಣ ಉದ್ಯಮಗಳೇ.

ಕಾಡತೂಸಿನ ನಾಲ್ಕು ಅಂಗಗಳು

ಯಂತ್ರದ ಗುಣದೋಷಗಳನ್ನು ಅರಿಯುವ ಮೊದಲು ಅದರ ಕೆಲಸವನ್ನು ಅರಿಯುವುದು ಒಳ್ಳೆಯದು. ಕಾಡತೂಸಿನಲ್ಲಿ ನಾಲ್ಕು ಅಂಗಗಳಿವೆ: ಹಿತ್ತಾಳೆಯ ಕವಚ, ಅದರ ತಳದಲ್ಲಿ ಕೂರುವ ಪ್ರೈಮರ್ ಎಂಬ ಚಿಕ್ಕ ಕಿಡಿಬಟ್ಟಲು, ಒಳಗಿನ ಮದ್ದು ಮತ್ತು ಬಾಯಿಯಲ್ಲಿ ಸಿಕ್ಕಿಸಿದ ಗುಂಡು. ಒಮ್ಮೆ ಹಾರಿಸಿದ ಮೇಲೆ ಪ್ರೈಮರ್, ಮದ್ದು, ಗುಂಡು ಮೂರೂ ಮುಗಿದುಹೋಗುತ್ತವೆ. ಕವಚ ಮಾತ್ರ ಉಳಿಯುತ್ತದೆ. ನೂರಕ್ಕೆ ಸುಮಾರು 70 ಪಾಲು ತಾಮ್ರ, 30 ಪಾಲು ಸತು ಬೆರೆತ ಈ ಹಿತ್ತಾಳೆಯ ಕವಚವೇ ಕಾಡತೂಸಿನ ಅಂಗಗಳಲ್ಲಿ ದುಬಾರಿಯಾದುದು. ಅದನ್ನು ಹಲವು ಬಾರಿ ಬಳಸಬಹುದಾದುದರಿಂದಲೇ ಮರುಭರ್ತಿಯಿಂದ ಉಳಿತಾಯವಾಗುತ್ತದೆ.

ಪಿಸ್ತೂಲಿನ ಕವಚವೊಂದು ಮತ್ತೆ ಕಾಡತೂಸಾಗಬೇಕಾದರೆ ಆರು ಕೆಲಸಗಳು ನಡೆಯಬೇಕು. ಹಳೆಯ ಪ್ರೈಮರನ್ನು ಹೊರದೂಡಿ, ಉಬ್ಬಿದ ಕವಚವನ್ನು ಮೊದಲಿನ ಅಳತೆಗೆ ಒತ್ತುವುದು, ಹೊಸ ಪ್ರೈಮರ್ ಕೂರಿಸುವುದು, ಕವಚದ ಬಾಯಿಯನ್ನು ತುಸು ಅಗಲಿಸುವುದು, ಅಳತೆಯ ಮದ್ದು ಸುರಿಯುವುದು, ಗುಂಡು ಕೂರಿಸುವುದು, ಕೊನೆಗೆ ಬಾಯಿಯನ್ನು ಬಿಗಿಯುವುದು.

ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಂದು ಸಲಕ್ಕೆ ಒಂದೇ ಡೈ ಇರುತ್ತದೆ. ನಾಲ್ಕು ಡೈ ಬಳಸಿ 100 ಕಾಡತೂಸು ಮಾಡುವವನು 400 ಬಾರಿ ಹಿಡಿ ಎಳೆಯಬೇಕು. ಪ್ರೈಮರ್ ಕೂರಿಸುವುದು, ಮದ್ದು ಅಳೆಯುವುದು ಬೇರೆ. ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಟರೆಟ್ ಪ್ರೆಸ್. ಅದರ ತಲೆಯಲ್ಲಿ ಎಲ್ಲ ಡೈಗಳೂ ಇರುತ್ತವೆ, ಆದರೆ ಕೆಳಗಿರುವುದು ಒಂದೇ ಕವಚ. ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಪ್ರತಿ ಡೈಯ ಕೆಳಗೂ ಒಂದೊಂದು ಕವಚ ನಿಂತಿರುತ್ತದೆ. ಕವಚಗಳನ್ನು ಹಿಡಿದ ದುಂಡು ತಟ್ಟೆ ಪ್ರತಿ ಎಳೆತದ ಬಳಿಕ ಒಂದು ಸ್ಟೇಷನ್ನಿನಷ್ಟು ತಿರುಗುತ್ತದೆ. ಹೀಗಾಗಿ ಮೊದಲ ಕೆಲವು ಎಳೆತಗಳಲ್ಲಿ ತಟ್ಟೆ ತುಂಬಿದ ಮೇಲೆ ಪ್ರತಿ ಎಳೆತಕ್ಕೂ ಒಂದು ಸಿದ್ಧ ಕಾಡತೂಸು ಬುಟ್ಟಿಗೆ ಬೀಳುತ್ತದೆ.

ಬಲ ಎಲ್ಲಿದೆ

ಈ ವಿಚಾರ ಹೊಸದಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ತಯಾರಾಗುತ್ತಿದ್ದ ಸ್ಟಾರ್ ಯಂತ್ರ 1930ರ ದಶಕದಷ್ಟು ಹಿಂದೆಯೇ ಈ ತತ್ತ್ವವನ್ನು ಬಳಸಿತ್ತು. ಆದರೆ ಅಂಥ ಯಂತ್ರ ಸಾಮಾನ್ಯ ಗ್ರಾಹಕನ ಕೈಗೆಟುಕುವಂತಾದುದು 1970 ಮತ್ತು 1980ರ ದಶಕಗಳಲ್ಲಿ. ವಿಮಾನ ಚಾಲನೆಯ ವೃತ್ತಿಯಿಂದ ಬಂದ ಮೈಕ್ ಡಿಲನ್ ಅವರ ಸಂಸ್ಥೆ ಈ ಬದಲಾವಣೆಯಲ್ಲಿ ಮುಂಚೂಣಿಯಲ್ಲಿತ್ತು. ಅವರು 2016ರಲ್ಲಿ ನಿಧನರಾದರು. 1958ರಲ್ಲಿ ಕೈಯಲ್ಲಿ ಹಿಡಿದು ಬಳಸುವ ಸರಳ ಸಲಕರಣೆಯಿಂದ ಆರಂಭಿಸಿದ ರಿಚರ್ಡ್ ಲೀ ಅವರ ಸಂಸ್ಥೆ, ಮೂರು ಸ್ಟೇಷನ್ನುಗಳ ಪ್ರೊ 1000 ಎಂಬ ಅಗ್ಗದ ಪ್ರೆಸ್ ಮೂಲಕ ಕಡಿಮೆ ಬಂಡವಾಳದ ಗ್ರಾಹಕನನ್ನೂ ತಲಪಿತು.

ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಬ್ಬ ವ್ಯಕ್ತಿ ಗಂಟೆಗೆ 50ರಿಂದ 100ರ ಆಸುಪಾಸು ಕಾಡತೂಸು ಮಾಡಬಲ್ಲ. ನಾಲ್ಕು ಸ್ಟೇಷನ್ನುಗಳ, ತಟ್ಟೆಯನ್ನು ಕೈಯಿಂದ ತಿರುಗಿಸುವ ಡಿಲನ್ 550 ಮಾದರಿಗೆ ತಯಾರಕರು ಹೇಳುತ್ತ ಬಂದ ವೇಗ ಗಂಟೆಗೆ 400ರಿಂದ 600. ಐದು ಸ್ಟೇಷನ್ನುಗಳ, ತಾನಾಗಿ ತಿರುಗುವ 650 ಮಾದರಿಗೆ ಹೇಳಲಾಗುತ್ತಿದ್ದುದು 800ರಿಂದ 1000. ಈ ಮಾದರಿಯ ಸ್ಥಾನಕ್ಕೆ 2019ರಲ್ಲಿ 750 ಬಂದಿತು.

ಇಷ್ಟು ಅಂತರಕ್ಕೆ ಕಾರಣ ಸರಳ. ಕೆಲಸಗಳು ಒಂದಾದ ಮೇಲೊಂದರಂತೆ ನಡೆದಾಗ ಒಂದು ಕಾಡತೂಸಿಗೆ ತಗಲುವ ಕಾಲ ಎಲ್ಲ ಕೆಲಸಗಳ ಮೊತ್ತ. ಕೆಲಸಗಳು ಒಟ್ಟಿಗೆ ನಡೆದಾಗ ಅದು ಅತಿ ನಿಧಾನದ ಒಂದು ಕೆಲಸದ ಕಾಲ ಮಾತ್ರ. ಕವಚವನ್ನು ಆರು ಬಾರಿ ಎತ್ತಿ ಇಡುವ ಶ್ರಮವೂ ತಪ್ಪುತ್ತದೆ. ಕಾರ್ಬೈಡ್ ಡೈ ಬಳಸಿದರೆ ನೇರ ಗೋಡೆಯ ಪಿಸ್ತೂಲು ಕವಚಗಳಿಗೆ ಎಣ್ಣೆ ಸವರುವ, ಮತ್ತೆ ಒರೆಸುವ ಕೆಲಸವೂ ಇಲ್ಲ. ಸ್ಪರ್ಧೆಗಾಗಿ ವಾರವಾರವೂ ನೂರಾರು ಗುಂಡು ಹಾರಿಸುವವನಿಗೆ, ಪರವಾನಗಿ ಪಡೆದು ಸ್ಥಳೀಯ ಗುರಿತಾಣಗಳಿಗೆ ಮಾಲು ಒದಗಿಸುವ ಸಣ್ಣ ತಯಾರಕನಿಗೆ ಇದು ವರವೆಂಬುದರಲ್ಲಿ ಎರಡು ಮಾತಿಲ್ಲ.

ಗಣಿತ ತಿರುಗಿಬೀಳುವ ಬಗೆ

ಆದರೆ ಕಾಲದ ಲೆಕ್ಕದಲ್ಲಿ ನೆರವಾಗುವ ಈ ಜೋಡಣೆಯೇ ದೋಷದ ಲೆಕ್ಕದಲ್ಲಿ ಎದುರುನಿಲ್ಲುತ್ತದೆ. ಒಂದು ಉದಾಹರಣೆ ನೋಡಬಹುದು. ಆರು ಕೆಲಸಗಳಲ್ಲಿ ಪ್ರತಿಯೊಂದೂ ನೂರಕ್ಕೆ 99 ಸಲ ಸರಿಯಾಗಿ ನಡೆಯುತ್ತದೆ ಎಂದಿಟ್ಟುಕೊಳ್ಳೋಣ. ಬಿಡಿಯಾಗಿ ನೋಡಿದರೆ ಇದು ಒಳ್ಳೆಯ ಗುಣಮಟ್ಟವೇ. ಆದರೆ ಆರೂ ಸರಿಯಾಗಿ ನಡೆಯುವ ಸಾಧ್ಯತೆ ನೂರಕ್ಕೆ ಸುಮಾರು 94 ಮಾತ್ರ. 600 ಕಾಡತೂಸು ಮಾಡುವಷ್ಟರಲ್ಲಿ ಯಂತ್ರ ಸುಮಾರು 35 ಬಾರಿ ನಿಲ್ಲುತ್ತದೆ. ಒಂದು ನಿಲುಗಡೆಯನ್ನು ಸರಿಪಡಿಸಲು ಎರಡು ನಿಮಿಷ ಹಿಡಿದರೆ ಒಟ್ಟು 70 ನಿಮಿಷ. ಅಂದರೆ ಒಂದು ಗಂಟೆಯ ಕೆಲಸಕ್ಕೆ ಅದಕ್ಕಿಂತಲೂ ಹೆಚ್ಚಿನ ಕಾಲ ರಿಪೇರಿಗೇ ಹೋಯಿತು. ಗಂಟೆಗೆ 600 ಎಂದು ಕೊಂಡ ಯಂತ್ರ 300ನ್ನೂ ಮುಟ್ಟಲಿಲ್ಲ.

ಅದೇ ಪ್ರತಿ ಕೆಲಸವೂ ಸಾವಿರಕ್ಕೆ 999 ಸಲ ಸರಿಯಾಗಿ ನಡೆದರೆ ನಿಲುಗಡೆಗಳು ನಾಲ್ಕಕ್ಕಿಂತ ಕಡಿಮೆಯಾಗುತ್ತವೆ. ವ್ಯರ್ಥವಾಗುವ ಕಾಲ ಏಳೆಂಟು ನಿಮಿಷ. ಒಂದೇ ಮಾದರಿಯ ಪ್ರೆಸ್ ಕೊಂಡ ಇಬ್ಬರಲ್ಲಿ ಒಬ್ಬ ಅದನ್ನು ಹೊಗಳುವುದೂ ಮತ್ತೊಬ್ಬ ಬೇಸತ್ತು ಮಾರಿಬಿಡುವುದೂ ಈ ಕಾರಣದಿಂದಲೇ. ಇಬ್ಬರ ನಡುವಣ ಅಂತರ ಹಲವು ಬಾರಿ ಯಂತ್ರದ ಬೆಲೆಯಲ್ಲಿರುವುದಿಲ್ಲ. ಆ ನೂರಕ್ಕೆ ಒಂದು, ಸಾವಿರಕ್ಕೆ ಒಂದು ಎಂಬ ಹೊಂದಾಣಿಕೆಯಲ್ಲಿರುತ್ತದೆ.

ನಿಲುಗಡೆಯಾದಾಗ ಸರಿಪಡಿಸುವುದೂ ಸುಲಭವಲ್ಲ. ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಕೆಟ್ಟ ಕವಚವನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಎತ್ತಿಕೊಂಡರಾಯಿತು. ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಒಂದು ಕವಚ ಸಿಕ್ಕಿಕೊಂಡರೆ ಐದೂ ನಿಲ್ಲುತ್ತವೆ. ಒಂದಕ್ಕೆ ಪ್ರೈಮರ್ ಕೂತಿಲ್ಲ, ಮತ್ತೊಂದಕ್ಕೆ ಮದ್ದು ಬಿದ್ದಿದೆ, ಇನ್ನೊಂದರ ಗುಂಡು ಅರ್ಧ ಇಳಿದಿದೆ. ಯಾವುದು ಯಾವ ಹಂತದಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಂಡೇ ಮತ್ತೆ ಆರಂಭಿಸಬೇಕು.

ಚಿಕ್ಕ ಬಟ್ಟಲು, ದೊಡ್ಡ ತೊಡಕು

ಬಳಕೆದಾರರ ದೂರುಗಳಲ್ಲಿ ಹೆಚ್ಚಿನ ಪಾಲು ಪ್ರೈಮರ್ ಉಣಿಸುವ ಭಾಗಕ್ಕೆ ಸಂಬಂಧಿಸಿದ್ದು. ಪ್ರೈಮರ್ ತೀರ ಚಿಕ್ಕದು. ಮೇಲು ಕೆಳಗಾಗದಂತೆ ಸಾಗಬೇಕು. ಒತ್ತಡಕ್ಕೆ ಸಿಡಿಯುವ ಸ್ವಭಾವದ್ದು. ಕೆಲವು ಪ್ರೆಸ್‌ಗಳಲ್ಲಿ ಅದು ಇಳಿಜಾರಿನಲ್ಲಿ ತನ್ನ ಭಾರದಿಂದಲೇ ಜಾರಿ ಬರುತ್ತದೆ. ಜಾಡಿನಲ್ಲಿ ತುಸು ಧೂಳಿದ್ದರೂ, ಹಿಂದಿನ ಪ್ರೈಮರ್‌ಗಳ ಒತ್ತು ಕಡಿಮೆಯಾದರೂ ಕೊನೆಯ ಕೆಲವು ಪ್ರೈಮರ್‌ಗಳು ಅಡ್ಡಬೀಳುತ್ತವೆ. ಇನ್ನು ಕೆಲವು ಪ್ರೆಸ್‌ಗಳಲ್ಲಿ 100 ಪ್ರೈಮರ್‌ಗಳ ಕೊಳವೆಯಿಂದ ಒಂದೊಂದಾಗಿ ಇಳಿಯುತ್ತದೆ. ಕೊಳವೆಯಲ್ಲಿ ಒಂದು ಸಿಡಿದರೆ ಉಳಿದವೂ ಸಿಡಿಯಬಹುದಾದುದರಿಂದ ಅದರ ಸುತ್ತ ಲೋಹದ ರಕ್ಷಾಕವಚ ಇರುತ್ತದೆ. ಪ್ರೈಮರ್ ಸಿಕ್ಕಿಕೊಂಡಾಗ ಬಲ ಹಾಕಿ ಎಳೆಯಬಾರದೆಂಬ ಎಚ್ಚರಿಕೆಗೆ ಕಾರಣ ಇದೇ.

ತೊಡಕಿನ ಮೂಲ ಯಂತ್ರದ ಹೊರಗೂ ಇರುತ್ತದೆ. ಗುರಿತಾಣದ ನೆಲದಿಂದ ಆಯ್ದು ತಂದ ಕವಚಗಳಲ್ಲಿ ಹತ್ತಾರು ತಯಾರಕರ ಮಾಲು ಬೆರೆತಿರುತ್ತದೆ. ಸೈನ್ಯಕ್ಕಾಗಿ ಮಾಡಿದ ಕವಚಗಳಲ್ಲಿ ಪ್ರೈಮರ್ ಕುಳಿಯ ಅಂಚನ್ನು ಒಳಕ್ಕೆ ಮಡಚಿರುವುದರಿಂದ ಹೊಸ ಪ್ರೈಮರ್ ಒಳಹೋಗದು. .45 ಎಸಿಪಿ ಎಂಬ ಹೆಸರಾಂತ ಅಳತೆಯ ಕವಚ ಮೊದಲಿನಿಂದ ದೊಡ್ಡ ಪ್ರೈಮರ್‌ಗೆಂದೇ ತಯಾರಾಗುತ್ತಿತ್ತು; ಈಚಿನ ವರ್ಷಗಳಲ್ಲಿ ಚಿಕ್ಕ ಪ್ರೈಮರ್‌ನ ಕವಚಗಳೂ ಮಾರುಕಟ್ಟೆಗೆ ಬಂದಿವೆ. ರಾಶಿಯಲ್ಲಿ ಅಂಥದೊಂದು ಬೆರೆತಿದ್ದರೆ ಸಾಕು, ಹಿಡಿ ಅರ್ಧದಲ್ಲಿಯೇ ನಿಲ್ಲುತ್ತದೆ. ಒಂದೊಂದಾಗಿ ಕೈಗೆತ್ತಿಕೊಳ್ಳುವಾಗ ಕಣ್ಣಿಗೆ ಬೀಳುತ್ತಿದ್ದ ಈ ವ್ಯತ್ಯಾಸ ವೇಗದ ಯಂತ್ರದಲ್ಲಿ ಕಾಣುವುದಿಲ್ಲ. ಹೀಗಾಗಿ ಯಂತ್ರ ಉಳಿಸಿದ ಕಾಲದ ಒಂದಷ್ಟು ಪಾಲು ಕವಚಗಳನ್ನು ಮೊದಲೇ ವಿಂಗಡಿಸುವುದಕ್ಕೆ ಹೋಗುತ್ತದೆ. ವಿಂಗಡಿಸದವನ ಕಾಲ ಯಂತ್ರದ ಮುಂದೆ ಹೋಗುತ್ತದೆ.

ನಿಲ್ಲಿಸದ ದೋಷವೇ ಅಪಾಯ

ಯಂತ್ರವನ್ನು ನಿಲ್ಲಿಸುವ ದೋಷ ಬೇಸರ ತರುತ್ತದೆ, ನಿಲ್ಲಿಸದ ದೋಷ ಅಪಾಯ ತರುತ್ತದೆ. ಮದ್ದು ಬೀಳದ ಕವಚಕ್ಕೆ ಗುಂಡು ಕೂತರೆ, ಹಾರಿಸಿದಾಗ ಪ್ರೈಮರ್‌ನ ಬಲದಿಂದಷ್ಟೇ ಗುಂಡು ನಳಿಗೆಯೊಳಗೆ ಸಾಗಿ ನಡುವೆ ಸಿಕ್ಕಿಕೊಳ್ಳಬಹುದು. ಅದನ್ನರಿಯದೆ ಮತ್ತೊಂದು ಹಾರಿಸಿದರೆ ನಳಿಗೆ ಸೀಳಬಹುದು. ಅನೇಕ ಪಿಸ್ತೂಲು ಮದ್ದುಗಳು ಕವಚದ ಅರ್ಧವನ್ನೂ ತುಂಬುವುದಿಲ್ಲವಾದುದರಿಂದ ಎರಡು ಬಾರಿ ಮದ್ದು ಬಿದ್ದರೂ ಹೊರಚೆಲ್ಲದೆ ಕೂರುತ್ತದೆ. ಅಂಥ ಕಾಡತೂಸು ಬಂದೂಕನ್ನು ಒಡೆದು, ಹಿಡಿದವನ ಕೈಕಣ್ಣುಗಳಿಗೆ ಗಾಯ ಮಾಡಬಲ್ಲದು.

ತಟ್ಟೆಯನ್ನು ಕೈಯಿಂದ ತಿರುಗಿಸುವ ಪ್ರೆಸ್‌ನಲ್ಲಿ ಈ ಅಪಾಯ ಹೆಚ್ಚು. ಗಮನ ಬೇರೆಡೆಗೆ ಹರಿದು, ತಿರುಗಿಸುವುದನ್ನು ಮರೆತು ಮತ್ತೊಮ್ಮೆ ಎಳೆದರೆ ಅದೇ ಕವಚಕ್ಕೆ ಮದ್ದು ಮತ್ತೆ ಬೀಳುತ್ತದೆ. ತಾನಾಗಿ ತಿರುಗುವ ಪ್ರೆಸ್‌ನಲ್ಲಿ ಈ ತಪ್ಪು ಅಪರೂಪ. ಆದರೆ ತೊಡಕು ಬಿಡಿಸಲೆಂದು ಕವಚಗಳನ್ನು ತೆಗೆದು ಮತ್ತೆ ಇಡುವಾಗ ಅಲ್ಲಿಯೂ ಅನುಕ್ರಮ ತಪ್ಪಬಹುದು.

ಇನ್ನೊಂದು ನಷ್ಟ ಕೈಯ ಸ್ಪರ್ಶಕ್ಕೆ ಸಂಬಂಧಿಸಿದ್ದು. ಒಂದೇ ಕೆಲಸ ಮಾಡುವ ಪ್ರೆಸ್‌ನಲ್ಲಿ ಹಿಡಿಯ ಬಿಗುವೇ ಬಹಳಷ್ಟನ್ನು ಹೇಳುತ್ತದೆ. ಬಿರುಕುಬಿಟ್ಟ ಕವಚ ಸಡಿಲವಾಗಿ ಬರುತ್ತದೆ, ಓರೆಯಾದ ಗುಂಡು ತಡೆಯುತ್ತದೆ. ಐದು ಕೆಲಸಗಳು ಒಟ್ಟಿಗೆ ನಡೆದಾಗ ಕವಚವನ್ನು ಅಳತೆಗೆ ಒತ್ತುವ ದೊಡ್ಡ ಬಿಗುವಿನಲ್ಲಿ ಉಳಿದವುಗಳ ಸುಳಿವು ಮುಚ್ಚಿಹೋಗುತ್ತದೆ. ನುರಿತ ಕೈಗೆ ತಿಳಿಯುತ್ತಿದ್ದುದನ್ನು ಇಲ್ಲಿ ಬೇರೆ ಉಪಾಯದಿಂದ ತಿಳಿಯಬೇಕಾಗುತ್ತದೆ.

ಆ ಉಪಾಯವನ್ನು ತಯಾರಕರು ಒದಗಿಸಿದ್ದಾರೆ. ಮದ್ದಿನ ಮಟ್ಟ ಹೆಚ್ಚುಕಡಿಮೆಯಾದರೆ ಸದ್ದು ಮಾಡುವ ಅಥವಾ ಪ್ರೆಸ್ಸನ್ನೇ ತಡೆದು ನಿಲ್ಲಿಸುವ ತಪಾಸಣಾ ಡೈಗಳಿವೆ. ಆದರೆ ಅವಕ್ಕೂ ಒಂದು ಸ್ಟೇಷನ್ ಬೇಕು. ಗುಂಡು ಕೂರಿಸುವುದಕ್ಕೊಂದು, ಬಾಯಿ ಬಿಗಿಯುವುದಕ್ಕೊಂದು ಬೇರೆ ಬೇರೆ ಡೈ ಬಳಸುವವನಿಗೆ ನಾಲ್ಕು ಸ್ಟೇಷನ್ನುಗಳ ಪ್ರೆಸ್‌ನಲ್ಲಿ ಜಾಗ ಉಳಿಯುವುದಿಲ್ಲ. ಐದನೆಯ ಸ್ಟೇಷನ್ನಿಗೆ ತೆರುವ ಹಣ ಹಲವರ ಪಾಲಿಗೆ ವೇಗಕ್ಕೆ ತೆರುವ ಹಣವಲ್ಲ, ತಪಾಸಣೆಗೆ ತೆರುವ ಹಣ.

ಅಳತೆ ಬದಲಿಸುವ ಖರ್ಚು

ಒಂದೇ ಅಳತೆಯ ಕಾಡತೂಸನ್ನು ಸಾವಿರಗಟ್ಟಲೆ ಮಾಡುವವನಿಗೆ ಪ್ರೋಗ್ರೆಸಿವ್ ಪ್ರೆಸ್ ಹೇಳಿ ಮಾಡಿಸಿದ್ದು. ಇಂದು ಒಂದು ಅಳತೆಯ 50, ನಾಳೆ ಮತ್ತೊಂದರ 50 ಮಾಡುವವನಿಗೆ ಅದು ಹೊರೆ. ಅಳತೆ ಬದಲಾದಾಗ ತಟ್ಟೆ, ಡೈಗಳು, ಕೆಲವೊಮ್ಮೆ ಪ್ರೈಮರ್ ಉಣಿಸುವ ಭಾಗವನ್ನೂ ಬದಲಿಸಿ, ಮದ್ದಿನ ಅಳತೆಯನ್ನು ಮತ್ತೆ ತೂಗಿ ಹೊಂದಿಸಬೇಕು. ಈ ಕೆಲಸಕ್ಕೆ ಬೇಸತ್ತು ಅಳತೆಗೊಂದರಂತೆ ಎರಡು ಮೂರು ಪ್ರೆಸ್ ಇಟ್ಟುಕೊಂಡವರಿದ್ದಾರೆ. ಪ್ರೋಗ್ರೆಸಿವ್ ಕೊಂಡ ಮೇಲೂ ಹಳೆಯ ಸಿಂಗಲ್ ಸ್ಟೇಜ್ ಪ್ರೆಸ್ಸನ್ನು ಮಾರದೆ ಸಣ್ಣ ತಂಡದ ಕೆಲಸಕ್ಕೆ ಉಳಿಸಿಕೊಂಡವರು ಇನ್ನೂ ಹೆಚ್ಚು.

ಈ ವಿಷಯದಲ್ಲಿ ಉದ್ದಿಮೆಯ ಒಂದು ಒಳ್ಳೆಯ ಪರಿಪಾಠ ಗಮನಾರ್ಹ. ಮುಕ್ಕಾಲು ಪಾಲು ಪ್ರೆಸ್‌ಗಳ ಡೈ ಕೂರುವ ತಿರುಪು ಒಂದೇ ಬಗೆಯದು: 7/8 ಇಂಚು ವ್ಯಾಸ, ಇಂಚಿಗೆ 14 ಸುತ್ತು. ಒಬ್ಬರ ಡೈ ಮತ್ತೊಬ್ಬರ ಪ್ರೆಸ್‌ಗೆ ಹೊಂದುತ್ತದೆ. ಇದರಿಂದ ಗ್ರಾಹಕ ನಿರ್ಭಯವಾಗಿ ಪ್ರೆಸ್ ಬದಲಿಸಬಲ್ಲ. ಇಡೀ ಯಂತ್ರ ಮಾಡುವ ಶಕ್ತಿಯಿಲ್ಲದ ಸಣ್ಣ ತಯಾರಕನೂ ಒಂದೇ ಒಂದು ಒಳ್ಳೆಯ ಡೈ ಮಾಡಿ ಎಲ್ಲರ ಗ್ರಾಹಕರಿಗೂ ಮಾರಬಲ್ಲ.

ಸೇವೆಯೂ ಒಂದು ಸರಕು

ಹೊಂದಾಣಿಕೆಯ ಮೇಲೆ ಇಷ್ಟೊಂದು ಅವಲಂಬಿಸಿದ ಯಂತ್ರವನ್ನು ಮಾರುವವರಿಗೆ ಮಾರಾಟದಲ್ಲಿಯೇ ವ್ಯವಹಾರ ಮುಗಿಯುವುದಿಲ್ಲ. ಡಿಲನ್ ಸಂಸ್ಥೆ ತನ್ನ ಮನೆಬಳಕೆಯ ಪ್ರೆಸ್‌ಗಳಿಗೆ ಜೀವಮಾನದ ಭರವಸೆ ನೀಡಿ, ಸವೆದ, ಮುರಿದ ಭಾಗಗಳನ್ನು ಕಳುಹಿಸಿಕೊಟ್ಟು ಹೆಸರು ಮಾಡಿತು. ಆದರೆ ದಿನವಿಡೀ ಓಡುವ, ಎಂಟು ಸ್ಟೇಷನ್ನುಗಳ ಸೂಪರ್ 1050 ಎಂಬ ವಾಣಿಜ್ಯ ದರ್ಜೆಯ ಯಂತ್ರಕ್ಕೆ ಅದೇ ಸಂಸ್ಥೆ ಕೊಟ್ಟ ಭರವಸೆ ಒಂದು ವರ್ಷದ್ದು. ಮನೆಯವನ ಯಂತ್ರ ವರ್ಷಕ್ಕೆ ಕೆಲವು ಸಾವಿರ ಬಾರಿ ಓಡಿದರೆ ವ್ಯಾಪಾರಿಯದು ಅಷ್ಟನ್ನು ಕೆಲವೇ ದಿನಗಳಲ್ಲಿ ಓಡುತ್ತದೆ. ಯಾರಿಗೆ ಎಷ್ಟು ಭರವಸೆ ಕೊಡಬಹುದೆಂಬುದನ್ನು ಬಳಕೆಯ ಲೆಕ್ಕದಿಂದ ನಿರ್ಧರಿಸಿದ ಈ ಕ್ರಮ ಯಾವ ಯಂತ್ರ ತಯಾರಕನಾದರೂ ಗಮನಿಸಬೇಕಾದುದು.

ಪ್ರೆಸ್ ಇದೆ, ಪ್ರೈಮರ್ ಇಲ್ಲ

ವೇಗದ ಯಂತ್ರದ ಕೊನೆಯ ದೌರ್ಬಲ್ಯ ಯಂತ್ರದಲ್ಲಿಲ್ಲ, ಮಾರುಕಟ್ಟೆಯಲ್ಲಿದೆ. 2012ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ಶಾಲೆಯೊಂದರಲ್ಲಿ ನಡೆದ ಹತ್ಯಾಕಾಂಡದ ಬಳಿಕ ಬಂದೂಕು ಕಾನೂನು ಬಿಗಿಯಾಗಬಹುದೆಂಬ ಊಹೆಯಿಂದ 2013ರಲ್ಲಿ ಜನ ಕಾಡತೂಸು, ಮದ್ದು, ಪ್ರೈಮರ್‌ಗಳನ್ನು ಮುಗಿಬಿದ್ದು ಕೊಂಡರು. 2020ರಲ್ಲಿ ಕೊರೊನಾ ಪಿಡುಗಿನ ಕಾಲಕ್ಕೆ ಅದೇ ಮತ್ತಷ್ಟು ತೀವ್ರವಾಗಿ ನಡೆಯಿತು. ಅದೇ ವರ್ಷ ರೆಮಿಂಗ್ಟನ್ ಸಂಸ್ಥೆ ದಿವಾಳಿಯಾಗಿ, ಅರ್ಕಾನ್ಸಾ ರಾಜ್ಯದ ಲೋನೋಕ್‌ನಲ್ಲಿರುವ ಅದರ ಮದ್ದುಗುಂಡು ಕಾರ್ಖಾನೆ ವಿಸ್ಟಾ ಔಟ್‌ಡೋರ್ ಸಂಸ್ಥೆಯ ವಶವಾಯಿತು. ಅಂಗಡಿಗಳಲ್ಲಿ ಪ್ರೈಮರ್ ಸಿಗದಾಯಿತು. ಸಿಕ್ಕಲ್ಲಿ ಬೆಲೆ ಹಲವು ಪಟ್ಟು ಏರಿತ್ತು. ಗಂಟೆಗೆ ಸಾವಿರ ಕಾಡತೂಸು ಮಾಡಬಲ್ಲ ಪ್ರೆಸ್‌ಗಳು ಬಟ್ಟೆ ಹೊದ್ದು ಕುಳಿತವು.

ಅಮೆರಿಕದ ಮಾರುಕಟ್ಟೆಯಲ್ಲಿ ಬಹುಕಾಲದಿಂದ ಹೆಸರಾದ ಪ್ರೈಮರ್‌ಗಳು ನಾಲ್ಕು: ಸಿಸಿಐ, ಫೆಡರಲ್, ರೆಮಿಂಗ್ಟನ್, ವಿಂಚೆಸ್ಟರ್. ಇವುಗಳಲ್ಲಿ ಮೊದಲ ಮೂರೂ ವಿಸ್ಟಾ ಸಂಸ್ಥೆಯ ಕೈಯಲ್ಲಿದ್ದು, 2024ರ ನವೆಂಬರ್‌ನಲ್ಲಿ ಒಟ್ಟಾಗಿ ಚೆಕೊಸ್ಲೊವಾಕ್ ಗ್ರೂಪ್ ಎಂಬ ಯುರೋಪಿನ ಸಂಸ್ಥೆಗೆ ಮಾರಾಟವಾದವು. ಹಿತ್ತಾಳೆಯನ್ನು ನೆಲದಿಂದ ಆಯ್ದುಕೊಳ್ಳಬಹುದು, ಸೀಸ ಕರಗಿಸಿ ಗುಂಡು ಎರಕ ಹೊಯ್ಯಬಹುದು. ಪ್ರೈಮರ್ ಮಾತ್ರ ಕೆಲವೇ ಕೈಗಳಿಂದ ಬರಬೇಕು. ಯಂತ್ರದೊಳಗೆ ಅತಿ ಹೆಚ್ಚು ತೊಡಕು ಕೊಡುವ ವಸ್ತುವೇ ಮಾರುಕಟ್ಟೆಯಲ್ಲಿಯೂ ಅತಿ ಇಕ್ಕಟ್ಟಾದ ಬಾಗಿಲು. ಕಾಲಕಾಲಕ್ಕೆ ಪ್ರೈಮರ್ ಕೂಡಿಟ್ಟುಕೊಂಡಿದ್ದವರು ಆ ದಿನಗಳಲ್ಲಿ ಕೆಲಸ ಮುಂದುವರಿಸಿದರು. ಇದ್ದ ಹಣವನ್ನೆಲ್ಲ ಇನ್ನೂ ವೇಗದ ಪ್ರೆಸ್‌ಗೆ ಹಾಕಿದ್ದವರು ಕಾಯಬೇಕಾಯಿತು.

ಪೀಣ್ಯದ ಪ್ರೋಗ್ರೆಸಿವ್ ಟೂಲ್

ಭಾರತದಲ್ಲಿ ಈ ಹವ್ಯಾಸಕ್ಕೆ ಮುಕ್ತ ಅವಕಾಶವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದುದರಿಂದ ಈ ಯಂತ್ರ ಇಲ್ಲಿನ ವ್ಯಾಪಾರಿಗಳ ಸರಕಲ್ಲ. ಆದರೆ ಅದರ ತತ್ತ್ವ ಕರ್ನಾಟಕದ ಸಣ್ಣ ಕೈಗಾರಿಕೆಗಳಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಪೀಣ್ಯದ ಶೀಟ್ ಮೆಟಲ್ ಕಾರ್ಖಾನೆಗಳಲ್ಲಿ ಪ್ರೋಗ್ರೆಸಿವ್ ಟೂಲ್ ಎಂದು ಕರೆಯುವುದು ಇದೇ ಜೋಡಣೆಯನ್ನು. ತಗಡಿನ ಪಟ್ಟಿ ಒಂದೊಂದೇ ಸ್ಟೇಷನ್ ಮುಂದೆ ಸರಿಯುತ್ತ, ತೂತಾಗುತ್ತ, ಬಾಗುತ್ತ, ಕೊನೆಯಲ್ಲಿ ಪ್ರತಿ ಹೊಡೆತಕ್ಕೂ ಒಂದು ಸಿದ್ಧ ಬಿಡಿಭಾಗ ಬೀಳುತ್ತದೆ. ಅಲ್ಲಿಯೂ ಪಟ್ಟಿ ತುಸು ತಪ್ಪಿ ಸರಿದರೆ ಇಡೀ ಟೂಲ್‌ಗೆ ಪೆಟ್ಟು. ಅಲ್ಲಿಯೂ ತಪ್ಪು ಸರಿತವನ್ನು ಗುರುತಿಸಿ ಪ್ರೆಸ್ ನಿಲ್ಲಿಸುವ ಸೆನ್ಸರ್‌ಗೆ ಹಣ ಹಾಕಬೇಕೇ ಬೇಡವೇ ಎಂಬ ಪ್ರಶ್ನೆ. ಅಲ್ಲಿಯೂ ಸಣ್ಣ ಆರ್ಡರ್‌ಗೆ ಪ್ರೋಗ್ರೆಸಿವ್ ಟೂಲ್ ಮಾಡಿಸುವುದೋ, ಬಿಡಿ ಡೈಗಳಲ್ಲಿಯೇ ಮುಗಿಸುವುದೋ ಎಂಬ ಲೆಕ್ಕಾಚಾರ.

ಯಂತ್ರ ಕೊಳ್ಳುವವನು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಗಂಟೆಗೆ ಎಷ್ಟು ಎಂಬುದು. ಮಾರುವವನ ಬಳಿ ಅದಕ್ಕೆ ಸಿದ್ಧ ಉತ್ತರವಿರುತ್ತದೆ. ಅಮೆರಿಕದ ಈ ಮೇಜಿನ ಮೇಲಿನ ಪ್ರೆಸ್ ಅದಕ್ಕಿಂತ ಮುಂಚೆ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಎದುರಿಗಿಡುತ್ತದೆ: ಗಂಟೆಗೆ ಎಷ್ಟು ಬಾರಿ ನಿಲ್ಲುತ್ತದೆ, ನಿಂತಾಗ ಮತ್ತೆ ಹೊರಡಲು ಎಷ್ಟು ಹೊತ್ತು, ನಿಲ್ಲದೆಯೇ ದಾಟಿಹೋಗುವ ತಪ್ಪನ್ನು ಹಿಡಿಯುವವರು ಯಾರು, ಈ ವೇಗಕ್ಕೆ ತಕ್ಕಷ್ಟು ಕಚ್ಚಾ ಸಾಮಗ್ರಿ ಎಷ್ಟು ಕೈಗಳಿಂದ ಬರುತ್ತದೆ. ಈ ನಾಲ್ಕಕ್ಕೂ ಸಮಾಧಾನಕರ ಉತ್ತರ ದೊರೆತ ಮೇಲೆ ಗಂಟೆಗೆ ಎಷ್ಟು ಎಂದು ಕೇಳಿದರೆ, ಆಗ ಸಿಗುವ ಸಂಖ್ಯೆ ಲೆಕ್ಕದ ಪುಸ್ತಕದಲ್ಲಿಯೂ ಅಷ್ಟೇ ಉಳಿಯುತ್ತದೆ.